ಅಂಟಿನ ಕೋಣೆ

"ಇನ್ನೊಂದು ಚಪ್ಪಲಿ ಎಲ್ಲೇ?"

ಅಕ್ಕ ಕೇಳಿದ ಮೇಲೆಯೇ ತಂಗಿ ಬಗ್ಗಿ ನೋಡಿಕೊಂಡದ್ದು. ಬಲಗಾಲು ಬರಿಗಾಲಾಗಿತ್ತು. ಕೆಲಸದ ಕೋಣೆಯಿಂದ ಓಣಿಯ ತಿರುವಿನವರೆಗೂ ಹಾಗೇ ನಡೆದು ಬಂದಿದ್ದಳು. ಹಿಮ್ಮಡಿಗೆ ಗಾಜಿನ ಚೂರು ನೆಟ್ಟು, ಬಂದ ದಾರಿಯುದ್ದಕ್ಕೂ ರಕ್ತದ ಗುರುತು ಬಿದ್ದಿತ್ತು.

"ನೋವಾಗ್ಲಿಲ್ವಾ?"

"ಇಲ್ಲ ಕಣಕ್ಕ. ಕಾಲು ಜೋಮು ಹಿಡಿದಿದೆ. ದಿನಾ ಹಿಡಿಯುತ್ತೆ." ಹತ್ತು ವರ್ಷದ ಹುಡುಗಿ ನಕ್ಕಳು. "ಚಪ್ಪಲಿ ಮಾಡೋರ ಕಾಲಿಗೇ ಚಪ್ಪಲಿ ಇಲ್ಲ ನೋಡು."

ಅಕ್ಕನಿಗೆ ನಗು ಬರಲಿಲ್ಲ. ಅವಳಿಗೂ ಹದಿನಾಲ್ಕೇ ವರ್ಷ. ತಂಗಿಯನ್ನು ಕೈಹಿಡಿದು ಆ ಕೋಣೆಗೆ ಕರೆತಂದವಳು ಅವಳೇ. ಹಸಿ ಅಂಟಿಗೆ ಧೂಳು ಕೂರುತ್ತದೆಂದು ಅಲ್ಲಿ ಕಿಟಕಿ ತೆರೆಯುತ್ತಿರಲಿಲ್ಲ. ಡಬ್ಬದ ಅಂಟನ್ನು ಬ್ರಷ್ಷಿನಿಂದ ಚಪ್ಪಲಿಯ ಅಟ್ಟೆಗೆ ಬಳಿಯುತ್ತ ಕೂತರೆ ಮೊದಮೊದಲು ತಲೆ ಸುತ್ತುತ್ತಿತ್ತು. ಬರಬರುತ್ತ ಅಕ್ಕನ ಹಸಿವೆಯೇ ಸತ್ತಿತ್ತು.

ಚೂರು ಕಿತ್ತು, ದಾವಣಿಯ ಅಂಚು ಹರಿದು ಗಾಯಕ್ಕೆ ಕಟ್ಟಿ, ತಂಗಿಯನ್ನು ಕರೆದುಕೊಂಡು ಕೋಣೆಗೆ ಹಿಂದಿರುಗಿ, ಕಾಲು ಜೋಮು ಹಿಡಿಯುವುದನ್ನು ಮೇಸ್ತ್ರಿಗೆ ಹೇಳಿದಳು.

"ಬೆಳೆಯೋ ಮಕ್ಕಳಿಗೆ ಇದೆಲ್ಲ ಇದ್ದದ್ದೇ," ಎಂದ ಮೇಸ್ತ್ರಿ, ಅಟ್ಟೆ ಕತ್ತರಿಸುತ್ತಲೇ. "ಎಣ್ಣೆ ಹಚ್ಚಿ ತಿಕ್ಕು."

"ಉದ್ದಜಡೆಗೂ ಹೀಗೇ ಶುರುವಾಗಿದ್ದು."

ಮೇಸ್ತ್ರಿಯ ಕತ್ತಿ ನಿಂತಿತು. ಉದ್ದಜಡೆ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ಹೋದ ವರ್ಷ ಅಕ್ಕನ ಪಕ್ಕದಲ್ಲೇ ಕೂರುತ್ತಿದ್ದಳು. ಕಾಲೆಳೆದು ನಡೆದಳು, ಆಮೇಲೆ ಗೋಡೆ ಹಿಡಿದು ನಡೆದಳು, ಆಮೇಲೆ ಬರಲಿಲ್ಲ.

"ಅವಳು ಊರಿಗೆ ಹೋದಳು ಅಂತ ಹೇಳಿದೀನಲ್ಲ. ಆ ಮಾತು ಇಲ್ಲಿ ಎತ್ತಬೇಡ. ಮಾಡೋದಾದ್ರೆ ಮಾಡು, ಇಲ್ಲಾಂದ್ರೆ ಬಿಡು. ನೀನಿಲ್ಲದಿದ್ರೆ ನಿನ್ನಂಥೋರು ನೂರು ಜನ."

"ಹಾಗಾದ್ರೆ ಬಿಟ್ವಿ."

ಮಾತು ಅಕ್ಕನ ಬಾಯಿಂದ ಜಾರಿಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ ತಂಗಿಯ ಕೈಹಿಡಿದು ಹೊರಟಳು.

"ಇಬ್ಬರೂ ಬಿಟ್ಟು ಬಂದ್ರೆ ಒಲೆ ಉರಿಯೋದು ಹೇಗೆ?" ಎಂದು ರಾತ್ರಿ ಊಟದ ಹೊತ್ತಿಗೆ ಅಮ್ಮ ರೇಗಿದಳು. ಅಕ್ಕ "ಗೀರಿ ನೋಡಮ್ಮ" ಎಂದು, ಉಣ್ಣುತ್ತಿದ್ದ ತಂಗಿಯ ಪಾದವನ್ನು ಅಮ್ಮನ ತೊಡೆಯ ಮೇಲಿಟ್ಟಳು. ಅಮ್ಮ ಉಗುರಿನಿಂದ ಅಂಗಾಲು ಗೀರಿದಳು. ಹುಡುಗಿ ತುತ್ತು ಬಾಯಿಗಿಡುತ್ತಲೇ ಇದ್ದಳು. ಅಮ್ಮ ಇನ್ನೂ ಜೋರಾಗಿ ಗೀರಿದಳು. ಬಿಳಿ ಗೆರೆ ಕೆಂಪಾಯಿತು.

"ಅಮ್ಮ, ಇನ್ನಷ್ಟು ಸಾರು," ಎಂದಳು ಹುಡುಗಿ.

ಅಮ್ಮನ ಸಿಟ್ಟು ಅಲ್ಲೇ ಇಂಗಿಹೋಯಿತು. "ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗೋಣ," ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಅಕ್ಕ ತಂಗಿಗೆ ಇದ್ದುದರಲ್ಲಿ ಒಳ್ಳೆಯ ಲಂಗ ತೊಡಿಸಿ, ತಲೆ ಬಾಚಿ, ರವಿಕೆಯ ಗುಂಡಿ ಹಾಕಲು ಕೂತಳು. ಗುಂಡಿ ಕೈಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಬಗ್ಗಿ, ಕಣ್ಣಿಂದ ನೋಡುತ್ತ ಹಿಡಿದಳು. ಜಾರಿತು.

"ಆಯ್ತೇನ್ರೇ?" ಬಾಗಿಲಿನಿಂದ ಅಮ್ಮ ಕೂಗಿದಳು.

"ಬಂದ್ವಿ," ಎಂದಳು ಅಕ್ಕ. ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಂಡು ಮತ್ತೆ ಗುಂಡಿಗೆ ಕೈಹಾಕಿದಳು. ತಂಗಿ ಅಲುಗಾಡದೆ ಆ ಕೈಯನ್ನೇ ನೋಡುತ್ತ ನಿಂತಿದ್ದಳು.