ಕೆಂಚನ ಪಾಲು

ನನ್ನ ಹೆಂಡತಿ ನೀಲಾಂಬಿಕೆ ಲಿಂಗೈಕ್ಯಳಾಗಿ ಆರು ತಿಂಗಳಾಗಿತ್ತು. ದುರ್ಮುಖಿ ಸಂವತ್ಸರದ ಶ್ರಾವಣದಲ್ಲಿ ಮಠದ ಸ್ವಾಮಿಗಳು ಕಟ್ಟೆಮಳಲವಾಡಿಗೆ ಬಂದು, ನಮ್ಮ ಮನೆಯಲ್ಲಿ ಪಾದಪೂಜೆ ಸ್ವೀಕರಿಸಿ ಪ್ರಸಾದ ಮಾಡುವುದಾಗಿ ಹೇಳಿಕಳುಹಿಸಿದರು. ಮೂರನೆಯ ಸೋಮವಾರವೆಂದು ಗೊತ್ತಾಯಿತು. ಅದಕ್ಕೆ ಹತ್ತು ದಿನವಿರುವಾಗ, ಹಿತ್ತಿಲಲ್ಲಿ ಬಾಳೆಯ ಬುಡಕ್ಕೆ ನೀರು ಹಾಕುತ್ತಿದ್ದವನಿಗೆ ಮೊಟ್ಟೆಯ ಚಿಪ್ಪು ಕಂಡಿತು.

ಎರಡು ಮೂರು ಚೂರು. ಕಡ್ಡಿಯಿಂದ ಹೊರಳಿಸಿ ನೋಡಿದೆ. ಕೋಳಿಯದೇ. ನಮ್ಮದು ಲಿಂಗ ಕಟ್ಟಿದ ಮನೆ. ಉಣ್ಣುವ ತುತ್ತನ್ನು ಮೊದಲು ಅಂಗೈಯ ಲಿಂಗಕ್ಕೆ ತೋರಿಸಿ, ಆಮೇಲೆ ಪ್ರಸಾದವೆಂದು ಬಾಯಿಗಿಡುತ್ತೇವೆ. ಲಿಂಗಕ್ಕೆ ತೋರಿಸಲಾಗದ ಪದಾರ್ಥ ನಮ್ಮ ಒಲೆಯ ಮೇಲೆ ಏರುವುದಿಲ್ಲ. ಏರಿದ್ದರೆ, ಆ ಒಲೆಯಲ್ಲಿ ಬೇಯಿಸಿ ಗುರುಗಳಿಗೆ ಬಡಿಸುವುದು ಹೇಗೆ?

ನಿಜವನ್ನೇ ಬರೆಯುತ್ತೇನೆ. ನನ್ನ ಮನಸ್ಸು ನೇರವಾಗಿ ಸೊಸೆಯ ಮೇಲೆ ಹೋಯಿತು. ಬೇರೆ ಎಲ್ಲಿಗೂ ಹೋಗಲಿಲ್ಲ.

ಸರ್ವಮಂಗಳ ನಮ್ಮವರ ಮಗಳೇ. ಆದರೆ ಬೆಳೆದದ್ದು ಕೊಡಗಿನ ಕಾಫಿ ತೋಟದಲ್ಲಿ. ಅವಳ ತಂದೆ ಅಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತೋಟದ ಬಂಗಲೆಯ ಅಡಿಗೆಯವಳಿಂದ ಕೇಕು, ಬಿಸ್ಕತ್ತು ಮಾಡುವುದನ್ನು ಕಲಿತು ಬಂದಿದ್ದಳು. ದಪ್ಪ ತಳದ ಪಾತ್ರೆಗೆ ಮರಳು ಹಾಸಿ, ಅದರೊಳಗೆ ಹಿಟ್ಟಿನ ತಟ್ಟೆಯಿಟ್ಟು, ಮುಚ್ಚಳ ಮುಚ್ಚಿ, ಕೆಳಗಷ್ಟು ಮೇಲಷ್ಟು ಕೆಂಡ ಹರಡಿ ಕಾಯುತ್ತ ಕೂರುವಳು. ಕೈ ಸುಮ್ಮನಿರದ ಹೆಣ್ಣು. ಗಾಜಿನ ಮಣಿ ಪೋಣಿಸಿ ಬಾಗಿಲಿಗೆ ಗಿಳಿಯ ತೋರಣ ಮಾಡಿದ್ದಳು. ಬೇಗಡೆ ಕಾಗದದ ಹೂವು ಕತ್ತರಿಸಿ ಪಟಗಳಿಗೆಲ್ಲ ಸುತ್ತಿದ್ದಳು. ಬಿಡುವಿದ್ದಾಗ ಕೊಕ್ಕೆಕಡ್ಡಿ ಹಿಡಿದು ಉಣ್ಣೆಯ ಟೋಪಿ ಹೆಣೆಯುವಳು. ನೀಲಾಂಬಿಕೆಗೆ ಇದೆಲ್ಲ ಬಹಳ ಹಿತವಾಗಿತ್ತು. ಕಾಯಿಲೆಯಲ್ಲಿ ಮಲಗಿದ್ದಾಗಲೂ ಮಣಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿಕೊಡುತ್ತಿದ್ದಳು.

ಸೊಸೆಯ ಜೊತೆಗೆ ಬುಟ್ಟಿಯಲ್ಲಿ ಬಂದದ್ದು ಕೆಂಚ. ಆಗ ಅದು ಅಂಗೈಯಗಲದ ಮರಿ. ಎರಡು ವರ್ಷಕ್ಕೆ ಕರುವಿನಷ್ಟಾಯಿತು. ಆ ನಾಯಿಗೆ ಯಾರ ಮಾತೂ ಕಿವಿಗೆ ಹೋಗದು. ಒಣಗಲು ಹಾಕಿದ ಪಂಚೆ ಎಳೆದು ಬೀದಿಗೆ ಒಯ್ಯುವುದು, ವಿಭೂತಿಯ ಉಂಡೆಯನ್ನು ಕಚ್ಚಿಕೊಂಡು ಹೋಗಿ ಮೂತಿಯೆಲ್ಲ ಬೆಳ್ಳಗೆ ಮಾಡಿಕೊಳ್ಳುವುದು, ಮಠದ ಆಳನ್ನು ಜಗಲಿ ಹತ್ತಿಸದಿರುವುದು. ನೀಲಾಂಬಿಕೆಯ ಮಾತೊಂದನ್ನು ಕೇಳುತ್ತಿತ್ತು. ಅವಳ ಮಂಚದ ಕೆಳಗೇ ಅದರ ವಾಸ. ಅವಳು ಹೋದ ಮೇಲೆ ಹುಚ್ಚು ಹೆಚ್ಚಾಯಿತು. ನಮ್ಮೂರ ಪುಟ್ಟಮಲ್ಲಪ್ಪನ ಗಾಡಿ ವೀರನಹೊಸಹಳ್ಳಿಯ ಕಡೆ ಹೋಗುವಾಗ ಇದನ್ನು ಕಾಡಂಚಿನಲ್ಲಿ ಬಿಟ್ಟು ಬರಲಿ ಎಂದು ನಾನು ಮನೆಯಲ್ಲಿ ಎರಡು ಸಲ ಹೇಳಿದ್ದೆ.

ಚಿಪ್ಪಿನ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಮೇಷ್ಟರ ಕೆಲಸ ಮಾಡಿದವನು ನಾನು. ಕೇಳುವುದಕ್ಕಿಂತ ಮುಂಚೆ ಯಾರ ಬೆರಳಿಗೆ ಶಾಯಿ ಅಂಟಿದೆಯೆಂದು ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ.

ನೋಡತೊಡಗಿದ ಮೇಲೆ ಎಲ್ಲವೂ ಕಾಣತೊಡಗಿತು. ಕೆಂಡ ಹಾಕುವ ಹೊತ್ತಿಗೆ ಅವಳು ಅಡಿಗೆಮನೆಯ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಗುರುಗಳ ಪೂಜೆಗೆಂದು ಬಿಸ್ಕತ್ತು ಮಾಡಿದ ದಿನ ಕೇಳಿದೆ.

"ಬಾಗಿಲು ಯಾಕಮ್ಮ ಹಾಕಿದ್ದೆ?"

"ಕೆಂಚ ನುಗ್ತಾನೆ ಮಾವ. ವಾಸನೆ ಬಂತೂಂದ್ರೆ ನಿಲ್ಲೋನಲ್ಲ."

"ಗೋಧಿಹಿಟ್ಟಿನ ವಾಸನೆ ನಾಯಿಗೆ ಅಷ್ಟೊಂದು ಹಿತವೋ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ತಂದಿಟ್ಟಳು. ನಾನು ಮುಟ್ಟಲಿಲ್ಲ. ಶ್ರಾವಣದ ವ್ರತವೆಂದು ನೆಪ ಹೇಳಿ ಅಂದಿನಿಂದ ಹಾಲು ಹಣ್ಣಿನಲ್ಲೇ ಇದ್ದುಬಿಟ್ಟೆ. ಮಗ ಷಣ್ಮುಖಪ್ಪ ಹುಣಸೂರಿನ ಮರದ ಡಿಪೋದಲ್ಲಿ ಗುಮಾಸ್ತ. ಸೈಕಲಿನಲ್ಲಿ ಹೋಗಿ ಸಂಜೆ ಬರುತ್ತಾನೆ. ಅವನಿಗೂ ವ್ರತವೆಂದೇ ಹೇಳಿದೆ.

"ಇದೇನಪ್ಪಾಜಿ, ಇಷ್ಟು ವರ್ಷ ಇಲ್ಲದ ವ್ರತ?" ಎಂದ.

"ಇಷ್ಟು ವರ್ಷ ನಿನ್ನಮ್ಮ ಇದ್ದಳು" ಎಂದೆ. ಅವನು ತಲೆ ತಗ್ಗಿಸಿದ. ಬಾಗಿಲ ಹಿಂದೆ ಬಳೆಯ ಸದ್ದಾಯಿತು.

ಸೋಮವಾರಕ್ಕೆ ಇನ್ನೆರಡು ದಿನ. ಮನೆಗೆ ಸಾರಣೆ ಕಾರಣೆ ನಡೆದಿತ್ತು. ಜಗಲಿಯ ಅಂಚಿಗೆ ಸರ್ವಮಂಗಳ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಳು. ಅದು ಒಣಗುವ ಮೊದಲೇ ಕೆಂಚ ಉದ್ದಕ್ಕೂ ಹೆಜ್ಜೆ ಮೂಡಿಸಿ ಹೋಗಿತ್ತು. ಅವಳು ಗದರದೆ ಎರಡನೆಯ ಸಲ ಎಳೆದು, ಹಿತ್ತಿಲ ಕಡೆ ನಡೆದಳು. ನಾನು ದನದ ಕೊಟ್ಟಿಗೆಯಲ್ಲಿ ಇದ್ದೆ. ಗೋಡೆಯ ಸಂದಿಯಿಂದ ಬೇಲಿ ಕಾಣುತ್ತದೆ.

ಬೇಲಿಯಾಚೆ ಸಣ್ಣತಾಯಮ್ಮ ನಿಂತಿದ್ದಳು. ಕೂಲಿ ನಾಲಿ ಮಾಡಿಕೊಂಡು, ಐದಾರು ಕೋಳಿ ಸಾಕಿಕೊಂಡಿರುವ ಹೆಂಗಸು. ಸರ್ವಮಂಗಳ ಮಡಿಲಿನಿಂದ ಉಣ್ಣೆಯ ಟೋಪಿಯೊಂದನ್ನು ತೆಗೆದು ಬೇಲಿಯ ಮೇಲಿಂದ ಕೊಟ್ಟಳು.

"ಈ ವಾರಕ್ಕೆ ಮೂರಾಯ್ತು ಕಣವ್ವ" ಎಂದಳು ಸಣ್ಣತಾಯಮ್ಮ, ಟೋಪಿಯನ್ನು ಮುಷ್ಟಿಗೆ ಹಾಕಿ ಅರಳಿಸಿ ನೋಡುತ್ತ.

"ಗೊತ್ತು. ಮೊಮ್ಮಗೂಗೆ ಇನ್ನೊಂದು ಕಾಲುಚೀಲ ಹಾಕ್ಕೊಡ್ತೀನಿ. ಮಾವಂಗೆ ಮಾತ್ರ ಗೊತ್ತಾಗೋದು ಬೇಡ."

"ನಂಗ್ಯಾಕವ್ವ ನಿಮ್ಮನೆ ಉಸಾಬರಿ. ಮೇಷ್ಟ್ರು ಕೇಳುದ್ರೆ ನಾ ಕಿವುಡಿ."

ನನಗೆ ಇನ್ನೇನೂ ಬೇಕಿರಲಿಲ್ಲ. ವಾರಕ್ಕೆ ಮೂರು ಮೊಟ್ಟೆ, ಟೋಪಿಗೆ ಬದಲು.

ಭಾನುವಾರ ಬೆಳಗಿನ ಪೂಜೆ ಮುಗಿಸಿ, ಮಠಕ್ಕೆ ಕಾಗದ ಬರೆದೆ. ಕಾರಣಾಂತರದಿಂದ ನಮ್ಮ ಮನೆಯ ಪಾದಪೂಜೆ ನಡೆಯಲಾರದು, ಕ್ಷಮಿಸಬೇಕು ಎಂದು. ಆ ಕಾರಣಾಂತರ ಏನೆಂದು ಊರು ಕೇಳುತ್ತದೆ, ಹತ್ತು ಬಾಯಲ್ಲಿ ಹತ್ತು ಉತ್ತರ ಹುಟ್ಟುತ್ತದೆ, ಅಷ್ಟೂ ಸರ್ವಮಂಗಳಳ ತಲೆಯ ಮೇಲೆ ಬೀಳುತ್ತದೆ ಎಂದು ನನಗೆ ತಿಳಿದಿತ್ತು. ತಿಳಿದೇ ಬರೆದೆ. ಮಗನ ಕೈಗೆ ಕೊಟ್ಟು ಮಠಕ್ಕೆ ತಲುಪಿಸೆಂದೆ.

ಅವನು ಓದಿದ. ಇನ್ನೊಮ್ಮೆ ಓದಿದ.

"ಏನಪ್ಪಾಜಿ ಇದು?"

"ನಿನ್ನ ಹೆಂಡತಿಯನ್ನು ಕೇಳು. ಈ ಮನೆಯೊಳಕ್ಕೆ ಮೊಟ್ಟೆ ಬಂದಿದೆಯೋ ಇಲ್ಲವೋ ಕೇಳು."

ಸರ್ವಮಂಗಳ ತಾನಾಗಿಯೇ ಹೊರಗೆ ಬಂದಳು. ಕೈಯಲ್ಲಿ ರಂಗೋಲಿಯ ಬಟ್ಟಲಿತ್ತು. ಅದನ್ನು ಕೆಳಗಿಟ್ಟು, ಕಂಬ ಹಿಡಿದು ನಿಂತಳು.

"ಬಂದಿತ್ತು ಮಾವ. ಈಗಲ್ಲ. ಅತ್ತೆ ಇದ್ದಾಗ."

ನನಗೆ ಅರ್ಥವಾಗಲಿಲ್ಲ.

"ಮೈಸೂರಿನ ಡಾಕ್ಟ್ರು ಹೇಳಿದ್ರಲ್ಲ, ದಿನಾ ಒಂದು ಮೊಟ್ಟೆ ಕೊಡಿ, ಮೈಯಲ್ಲಿ ರಕ್ತವೇ ಇಲ್ಲ ಅಂತ. ನೀವು ಬೇಡ ಅಂದ್ರಿ. ನಂಗೆ ನೋಡೋಕಾಗಲಿಲ್ಲ. ಕೇಕಿನಲ್ಲಿ ಹಾಕಿ ಕೊಡ್ತೀನಿ ಅತ್ತೆ, ಗೊತ್ತೂ ಆಗಲ್ಲ ಅಂದೆ. ಅತ್ತೆ ಹೂಂ ಅಂದ್ರು. ಅಡಿಗೆಮನೆಗೆ ತರಲಿಲ್ಲ ಮಾವ. ನೀವು ಮನೇಲಿಲ್ಲದ ಹೊತ್ತಲ್ಲಿ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಪಾತ್ರೆ ಇಟ್ಟು ಮಾಡ್ತಿದ್ದೆ. ಐದು ತಿಂಗಳು ತಿಂದ್ರು."

ನಾನು ಜಗಲಿಯ ಮೇಲೆ ಕುಳಿತೆ. ಲಿಂಗ ಧರಿಸಿದ ಎದೆ, ಐದು ತಿಂಗಳು. ನಲವತ್ತು ವರ್ಷ ನನ್ನ ಪಕ್ಕದಲ್ಲಿ ಕುಳಿತು ಪೂಜೆ ಮಾಡಿದವಳು ನನಗೆ ಹೇಳಲಿಲ್ಲ.

"ಈಗಿನ ಚಿಪ್ಪು?" ಎಂದೆ. "ಟೋಪಿ ಕೊಟ್ಟು ಕೊಂಡದ್ದು?"

"ಕೊಂಡಿಲ್ಲ. ಕೆಂಚ ಕದ್ದದ್ದು. ಸಣ್ಣತಾಯಮ್ಮನ ಕೋಳಿಗೂಡಿಗೆ ನುಗ್ಗಿ ಕದೀತಾನೆ. ನಿಮಗೆ ಗೊತ್ತಾದ್ರೆ ಕಾಡಿಗೆ ಬಿಡಿಸ್ತೀರಿ ಅಂತ ನಾನೇ ಹೆಣೆದು ಕೊಟ್ಟು ಬಾಯಿ ಮುಚ್ಚಿಸಿದೆ. ನಂಬದಿದ್ರೆ ಅವಳನ್ನೇ ಕೇಳಿ."

ನಾನು ನಂಬಲಿಲ್ಲ. ಸಿಕ್ಕಿಬಿದ್ದ ಮಕ್ಕಳು ನಾಯಿಯ ಮೇಲೆ ಹೇಳುವುದನ್ನು ಬೇಕಾದಷ್ಟು ಕೇಳಿದ್ದೇನೆ. ಷಣ್ಮುಖಪ್ಪ ಹೋಗಿ ಸಣ್ಣತಾಯಮ್ಮನನ್ನು ಕರೆತಂದ. ಅವಳು ಅಂಗಳದಲ್ಲೇ ನಿಂತಳು. ಕೆಂಚ ಅವಳನ್ನು ಕಂಡು ಬಾಲ ಆಡಿಸಿತು.

"ಆಡುಸ್ತಾನೆ ನೋಡು ಬಾಲವ, ಕಳ್‍ನನ್ಮಗ" ಎಂದಳು. "ಊ ಕಣ್ ಮೇಷ್ಟ್ರೆ, ಇವನೇಯ. ಕಾವಿಗೆ ಕೂತಿರೋ ಕೋಳಿ ಎಬ್ಸಿ ತಿಂತಾನೆ. ಈ ಮಗೀನ ಮುಖ ನೋಡ್ಕಂಡು ಸುಮ್ಕಿದ್ದೆ."

"ನಾಯಿಗೆ ಮೊಟ್ಟೆಯ ರುಚಿ ಹತ್ತಿದ್ದು ಎಲ್ಲಿಂದ?" ಎಂದೆ. ಅವಳ ಬಾಯಿಂದ ಸುಳ್ಳು ಹೊರಡಲೆಂದೇ ಕೇಳಿದ ಪ್ರಶ್ನೆ ಅದು.

ಅವಳು ಸರ್ವಮಂಗಳಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಯೋಳ್‍ಬುಡ್ಲಾ?"

"ಹೇಳು."

"ನೀಲಮ್ಮೋರೇ ಕಲ್ಸಿದ್ದು. ಮಧ್ಯಾನ ಈ ಮಗ ಬಟ್ಟೆ ತಕ್ಕೊಂಡು ಒಳೆ ತಾವ್ಕೆ ಓಗ್ತಿತ್ತಲ್ಲ, ಆಗ ತಟ್ಟೆ ಇಡ್ಕಂಡು ಇತ್ಲ ಒಗೆಯೋ ಕಲ್ ಮ್ಯಾಲೆ ಕೂತ್ಕೋರು. ಚೂರು ಚೂರು ಮಾಡಿ ಕೆಂಚಂಗೆ ಆಕೋರು. ಒಂದು ಚೂರ್ನೂ ಬಾಯ್ಗಾಕ್ನಿಲ್ಲ. ದಿನಾ ನೋಡ್ತಿದ್ದೆ."

ಅವಳೇ ಮುಂದುವರಿಸಿದಳು.

"ಒಂದಿನ ಕೇಳ್ದೆ, ಯಾಕವ್ವ ಅಂಗ್ ಮಾಡೀರಿ, ತಿಂದ್ರೆ ವಸಿ ಕಸುವು ಬಂದಾದು ಅಂತ. 'ಮಗು ಅಷ್ಟು ಕಷ್ಟಪಟ್ಟು ಮಾಡ್ತದೆ ಸಣ್ಣತಾಯಿ, ಬ್ಯಾಡ ಅಂದ್ರೆ ನೊಂದ್ಕತದೆ. ಆದ್ರೆ ಇದ ನಾನು ಶಿವಂಗೂ ತೋರ್ಸಕಾಗಲ್ಲ, ನಮ್ಮ ಮೇಷ್ಟ್ರಿಗೂ ತೋರ್ಸಕಾಗಲ್ಲ. ಎಂಗ್ ತಿನ್ಲಿ' ಅಂದ್ರು."

ಸರ್ವಮಂಗಳ ಕಂಬ ಬಿಟ್ಟು ನೆಲದ ಮೇಲೆ ಕುಳಿತಳು.

"ಸುಳ್ಳು" ಎಂದಳು ಮೆಲ್ಲಗೆ. "ದಿನಾ ಸಂಜೆ ಖಾಲಿ ತಟ್ಟೆ ಕೊಡ್ತಿದ್ರು. 'ಇವತ್ತು ಸಕ್ಕರೆ ಮುಂದಾಯ್ತು ಕಣೇ, ನಾಳೆ ಕಡಮೆ ಹಾಕು' ಅಂತ ಹೇಳ್ತಿದ್ರು. ಕಡಮೆ ಹಾಕಿದ್ರೆ, 'ಈಗ ಹದವಾಯ್ತು' ಅಂತಿದ್ರು."

ಮೊದಲು ನನ್ನ ಮನಸ್ಸಿನಲ್ಲಿ ಮೂಡಿದ್ದನ್ನು ಮುಚ್ಚಿಡುವುದಿಲ್ಲ. ಅದು ಸಂತೋಷ. ನನ್ನವಳು ಲಿಂಗಕ್ಕೆ ಎರಡು ಬಗೆಯಲಿಲ್ಲ ಎಂಬ ಸಂತೋಷ. ತಲೆಯೆತ್ತಿ ಸೊಸೆಯ ಮುಖ ನೋಡಿದೆ. ಐದು ತಿಂಗಳು ಹೊಗೆ ಕುಡಿದು ಕೆಂಡ ಊದಿದ ಮುಖ. ಅತ್ತೆಗೆ ಇಷ್ಟಾದರೂ ಮಾಡಿದೆನೆಂಬ ಒಂದು ಸಮಾಧಾನ ಅವಳಿಗಿತ್ತು. ಅದನ್ನೂ ನಾನು ಕೆದಕಿ ಕಿತ್ತುಹಾಕಿದ್ದೆ. ನನ್ನ ಸಂತೋಷ ಅಲ್ಲಿಗೆ ನಿಂತಿತು.

ಸಣ್ಣತಾಯಮ್ಮ ಹೋದಳು. ಷಣ್ಮುಖಪ್ಪ ಕಾಗದವನ್ನು ನನ್ನ ಪಕ್ಕದಲ್ಲಿಟ್ಟು ಬಾವಿಯ ಕಡೆ ನಡೆದ. ನಾನು ಅಲ್ಲೇ ಕುಳಿತಿದ್ದೆ. ಡಾಕ್ಟರು ಆ ಮಾತು ಹೇಳಿದಾಗ ನೀಲಾಂಬಿಕೆ ನನ್ನ ಮಗ್ಗುಲಲ್ಲೇ ಬೆಂಚಿನ ಮೇಲೆ ಇದ್ದಳು. "ನಮ್ಮಲ್ಲಿ ಆ ಮಾತೇ ಇಲ್ಲ ಸ್ವಾಮಿ" ಎಂದವನು ನಾನು. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಕೇಳಲಿಲ್ಲ. ಶಿವನಿಗೂ ತೋರಿಸಲಾಗದು, ನನಗೂ ತೋರಿಸಲಾಗದು ಎಂದಳಂತೆ. ಇಬ್ಬರಲ್ಲಿ ಅವಳು ಅಂಜಿದ್ದು ಯಾರಿಗೆ? ಹತ್ತು ದಿನ ಸೊಸೆಯ ಬೆನ್ನ ಹಿಂದೆ ತಿರುಗಿದ ಅನುಮಾನ ನನ್ನ ಮುಂದೆ ಬಂದು ಕುಳಿತಿತು. ಇದಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಸಂಜೆ ಸರ್ವಮಂಗಳ ಬಂದು ಹೇಳಿದಳು. "ನಾಳೆ ನಾನು ಒಳಗಡೆನೇ ಇರ್ತೀನಿ ಮಾವ. ಲಿಂಗ ಕಟ್ಟಿದೋರಿಗೆ ಅದನ್ನ ಕೊಡೋಕೆ ಹೋದೋಳು. ಗುರುಗಳ ಎದುರಿಗೆ ಬರಲ್ಲ. ಪೂಜೆ ಮಾತ್ರ ನಿಲ್ಲಿಸಬೇಡಿ."

"ಅನ್ನಕ್ಕಿಡಮ್ಮ" ಎಂದೆ. ಅವಳು ಮಾಡಿ ಬಡಿಸಿದ ಅನ್ನ ಸಾರನ್ನು ಅಂದು ಉಂಡೆ.

ಸೋಮವಾರ ಬೆಳಗ್ಗೆ ಸ್ವಾಮಿಗಳು ಗಾಡಿಯಿಂದ ಇಳಿದರು. ಕೆಂಚನನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದೆವು. ಅಲ್ಲಿಂದಲೇ ಊರು ಕೇಳುವಂತೆ ಬೊಗಳುತ್ತಿತ್ತು. ಅವರು ಹೊಸ್ತಿಲು ದಾಟುವ ಮೊದಲು ನಾನು ಅಡ್ಡ ನಿಂತು ನಮಸ್ಕರಿಸಿದೆ. ಗುರುವಿನಿಂದ ಮರೆಮಾಡಿ ಪಾದಪೂಜೆ ಮಾಡುವುದು ನನ್ನಿಂದಾಗದು.

"ಬುದ್ಧಿ, ಈ ಮನೆಯ ಹಿತ್ತಿಲಲ್ಲಿ ಐದು ತಿಂಗಳು ಮೊಟ್ಟೆ ಬೆಂದಿದೆ."

"ಯಾರಿಗಾಗಿ ಮೇಷ್ಟರೆ?"

"ಕಾಯಿಲೆಯವಳಿಗಾಗಿ. ಸೊಸೆ ಮಾಡಿಕೊಟ್ಟಳು."

"ತಿಂದರೋ?"

"ಇಲ್ಲ ಬುದ್ಧಿ. ನಾಯಿಗೆ ಹಾಕಿದಳು."

ಅವರು ಕೊಟ್ಟಿಗೆಯ ಕಡೆ ತಿರುಗಿ ನೋಡಿದರು. ಕೆಂಚ ಬೊಗಳುತ್ತಲೇ ಇತ್ತು. ನನ್ನ ಹೆಂಡತಿಯ ನಿಷ್ಠೆಯನ್ನು ಕೊಂಡಾಡುವರೆಂದು ಕಾದೆ.

"ತಿನ್ನಬಹುದಾಗಿತ್ತು" ಎಂದರು ಸ್ವಾಮಿಗಳು. ಅಷ್ಟನ್ನೇ ಹೇಳಿ ಒಳಗೆ ನಡೆದರು.

ನಡುಮನೆಯಲ್ಲಿ ಮಣೆ ಹಾಕಿತ್ತು. ಪಾದಕ್ಕೆ ನೀರು ಹಾಕಬೇಕಾದವನು ನಾನು, ಮನೆಯ ಹಿರಿಯ. ತಂಬಿಗೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಹೋದೆ. ಸರ್ವಮಂಗಳ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಬಾಮ್ಮ" ಎಂದೆ.

ಅವಳು ತಿರುಗಲಿಲ್ಲ. ನಾನು ಒಳಗೆ ಹೋಗಿ ತಂಬಿಗೆಯನ್ನು ಅವಳ ಕೈಗೆ ಕೊಟ್ಟು, ಗುರುಗಳು ಕಾಯುತ್ತಿದ್ದಾರೆ ಎಂದೆ.