ಬುಗುರಿಯ ಮಂಡಿಗೆ ಅಮ್ಮ ಹೊಲಿದ ಪಟ್ಟಿ

ಆಡುವ ಮಕ್ಕಳಿರುವ ಮನೆಯಲ್ಲಿ ಮಂಡಿ ಊದುವುದು ದೊಡ್ಡ ಸುದ್ದಿಯಲ್ಲ. ಐಸ್ ಇಟ್ಟು, ಬಟ್ಟೆ ಸುತ್ತಿ, ಮೇಲೆರಡು ಬೈಗುಳ ಕೊಟ್ಟರೆ ಮುಗಿಯಿತು. ಬಸ್ ನಿಲ್ದಾಣದ ಹಿಂದಿನ ಬೀದಿಯ ಟೈಲರಮ್ಮನೂ ಮಗಳಿಗೆ ಅಷ್ಟೇ ಮಾಡಿದ್ದಳು.

ಮಗಳಿಗೆ ಹದಿಮೂರು ವರ್ಷ. ಫುಟ್‌ಬಾಲ್ ಆಡುವಾಗ ಓಡುತ್ತಲೇ ಗಿರ್ರನೆ ತಿರುಗಿಬಿಡುತ್ತಾಳೆಂದು ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು. ಹಾಗೆ ತಿರುಗುವಾಗಲೇ ಒಂದು ಸಂಜೆ ಮಂಡಿಯೊಳಗೆ ಟಪ್ ಎಂದಿತ್ತು. ಯಾರೂ ತಳ್ಳಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮಂಡಿ ಕುಂಬಳಕಾಯಿಯಾಗಿತ್ತು. ಕೆಲವು ವಾರಗಳಲ್ಲಿ ಊತ ಇಳಿಯಿತು, ಹುಡುಗಿ ನೆಟ್ಟಗೆ ನಡೆದಳು. ಮೆಟ್ಟಿಲು ಇಳಿಯುವಾಗ ಮಾತ್ರ ಮಂಡಿ ಒಮ್ಮೊಮ್ಮೆ ಜಾರಿ ಕೈಕೊಡುತ್ತಿತ್ತು.

ಆಗ ಟೈಲರಮ್ಮ ತನಗೆ ತಿಳಿದ ವಿದ್ಯೆಯನ್ನೇ ನಂಬಿದಳು. ಪದರ ಪದರ ಕ್ಯಾನ್ವಾಸ್, ಅಗಲದ ಎಲಾಸ್ಟಿಕ್, ಎರಡು ಬಕಲ್ ಸೇರಿಸಿ ಮಂಡಿಗೊಂದು ಪಟ್ಟಿ ಹೊಲಿದಳು. ಜರ್ಸಿಗೆ ಒಪ್ಪಲಿ ಎಂದು ನೀಲಿ ಅಂಚನ್ನೂ ಕೊಟ್ಟಳು. ಮರುದಿನ ಫೈನಲ್ ಪಂದ್ಯ. ಬುಗುರಿ ಪಟ್ಟಿ ಬಿಗಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಎದುರು ಮಹಡಿಯ ಫಿಸಿಯೋ ಹುಡುಗಿ ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಬಂದಳು. ತರಬೇತಿಗೆಂದು ಬೇರೆ ಊರಿಗೆ ಹೋದವಳು ಮರಳಿದ್ದೇ ಆ ವಾರ.

"ಇದೇನು, ಕುದುರೆಗೆ ಜೀನು ಬಿಗಿದ ಹಾಗಿದೆ?"

"ನನ್ನ ಸೊಸೆ ಕೈಚಳಕ. ಕಾಲು ಬಿಚ್ಚಿ ಬಂದ್ರೂ ಹೊಲಿಗೆ ಬಿಚ್ಚಲ್ಲ," ಎಂದಳು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅಜ್ಜಿ.

ಫಿಸಿಯೋ ನಗಲಿಲ್ಲ. ನಡೆದದ್ದನ್ನೆಲ್ಲ ಕೇಳಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹುಡುಗಿಯನ್ನು ಮಲಗಿಸಿ, ಮಂಡಿ ಮಡಿಸಿ, ಒಂದೊಂದೇ ಕಾಲನ್ನು ಮಂಡಿಯ ಕೆಳಗೆ ಹಿಡಿದು ಮೆಲ್ಲಗೆ ಮುಂದಕ್ಕೆಳೆದಳು. ಒಂದು ಕಾಲು ಕದಲಲಿಲ್ಲ. ಇನ್ನೊಂದು ಸಡಿಲ ಡ್ರಾಯರಿನಂತೆ ಜಾರಿ ಬಂತು. ಅದನ್ನು ಟೈಲರಮ್ಮ ಕಣ್ಣಾರೆ ಕಂಡಳು.

"ಒಳಗಿನ ಲಿಗಮೆಂಟ್ ಹರಿದಿರೋ ಹಾಗಿದೆ ಅಕ್ಕ. ಎರಡು ಮೂಳೇನ ಹಿಡಿದಿಡೋ ನಾರು ಅದು. ಸ್ಕ್ಯಾನ್ ಮಾಡಿಸಿ. ನಾಳೆ ಆಡೋದು ಬೇಡ."

"ಪಟ್ಟಿ ಕಟ್ಟಿದೀನಲ್ಲ?"

"ನಿಮ್ಮ ಪಟ್ಟಿ ಚರ್ಮ ಹಿಡಿಯುತ್ತೆ, ಒಳಗೆ ಜಾರೋ ಮೂಳೆ ಹಿಡಿಯಲ್ಲ. ಜಾರಿದಾಗೆಲ್ಲ ಮೂಳೆಗಳ ನಡುವಿನ ಮೆತ್ತೆ ಜಜ್ಜುತ್ತೆ. ಅದು ಹಾಳಾದ್ರೆ ವಯಸ್ಸಿಗೆ ಮುಂಚೆ ಮಂಡಿ ಸವೆಯುತ್ತೆ."

ಬುಗುರಿ ಬಕಲ್ ಬಿಚ್ಚಿದಳು. ಆ ಸಣ್ಣ ಸದ್ದು ಟೈಲರಮ್ಮನ ಎದೆಗೆ ತಾಗಿತು. ಮಗಳನ್ನು ಕಾಪಾಡುತ್ತಿದ್ದೇನೆಂದು ತಾನೇ ಅಪಾಯಕ್ಕೆ ಅಲಂಕಾರ ಮಾಡಿ ಕಳಿಸಲಿದ್ದೆನಲ್ಲ ಎನ್ನಿಸಿತು.

ಸ್ಕ್ಯಾನಿನಲ್ಲಿ ಲಿಗಮೆಂಟ್ ಪೂರ್ತಿ ಹರಿದಿತ್ತು. ಆದರೆ ಶಸ್ತ್ರಚಿಕಿತ್ಸೆ ಎಂದೊಡನೆ ಟೈಲರಮ್ಮ ಹಿಂಜರಿದಳು. ಬೆಳೆಯುವ ಮಕ್ಕಳಿಗೆ ಮಂಡಿ ಕೊಯ್ದರೆ ಒಂದು ಕಾಲು ಗಿಡ್ಡವಾಗುತ್ತದೆಂದು ಯಾರೋ ಗಿರಾಕಿ ಹೇಳಿದ್ದಳು. ಗಿಡ್ಡ ಕಾಲಿನ ಬುಗುರಿ ತಿರುಗುವುದು ಹೇಗೆ? ಮೂಳೆ ವೈದ್ಯೆಯ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು ಕೇಳಿದಳು, "ಹರಿದಿದ್ದನ್ನ ಅಲ್ಲೇ ಹೊಲಿದ್ರೆ ಆಗಲ್ವಾ ಡಾಕ್ಟ್ರೇ?"

"ಎಳೆ ಎಳೆ ಬಿಟ್ಟ ಬಟ್ಟೇನ ನೀವು ಹೊಲೀತೀರಾ?"

"ಇಲ್ಲ. ಹೊಲಿಗೆ ಸಮೇತ ಕಿತ್ಕೊಂಡು ಬರುತ್ತೆ. ಬೇರೆ ತುಂಡು ಕೊಡಬೇಕು."

"ಇಲ್ಲೂ ಹಾಗೇ. ಕೆಲವು ಸಲ ಹರಿದಿದ್ದಕ್ಕೆ ಹೊಲಿಗೆ ಆಗುತ್ತೆ, ಆದರೆ ಓಡೋ ಮಕ್ಕಳಲ್ಲಿ ಮತ್ತೆ ಹರಿಯೋದು ಜಾಸ್ತಿ. ಅದಕ್ಕೆ ಅವಳದ್ದೇ ತೊಡೆ ಹಿಂದಿನ ನಾರು, ಇಲ್ಲ ಮಂಡಿಚಿಪ್ಪಿನ ಮೇಲಿನ ನಾರು ತಗೊಂಡು ಹೊಸ ಲಿಗಮೆಂಟ್ ಕೂರಿಸ್ತೀವಿ. ಚಿಪ್ಪಿನ ಕೆಳಗಿನದು ಮೂಳೆ ಚೂರಿನ ಜೊತೆ ಬರುತ್ತೆ, ಬೆಳವಣಿಗೆ ಮುಗಿದವರಿಗೆ ಸರಿ. ದಾನಿಗಳ ನಾರೂ ಸಿಗುತ್ತೆ. ಚಿಕ್ಕವರಲ್ಲಿ ಅದು ಬಾಳಿಕೆ ಕಮ್ಮಿ."

"ಕಂಡೋರ ಬಟ್ಟೆ ತೇಪೆ ಹಾಕಿದ್ರೆ ಒಂದು ಒಗೆತಕ್ಕೇ ಮುದುಡುತ್ತೆ," ಎಂದಳು ಜೊತೆಗೆ ಬಂದಿದ್ದ ಅಜ್ಜಿ.

"ಆಪರೇಷನ್ ಮಾಡಲೇಬೇಕಾ?" ಟೈಲರಮ್ಮ ಕೇಳಿದಳು.

"ಎಲ್ಲರಿಗೂ ಬೇಕಿಲ್ಲ. ಅರ್ಧಂಬರ್ಧ ಹರಿದು ಮಂಡಿ ಗಟ್ಟಿ ಇದ್ರೆ ವ್ಯಾಯಾಮದಲ್ಲೇ ನೋಡ್ತೀವಿ. ಇವಳ ಮಂಡಿ ಜಾರುತ್ತೆ, ತಿರುಗಿ ತಿರುಗಿ ಆಡೋ ಆಟ ಬೇರೆ."

ಟೈಲರಮ್ಮ ಕೊನೆಗೂ ಒಳಗಿದ್ದ ಭಯವನ್ನು ಹೇಳಿದಳು. "ಕಾಲು ಗಿಡ್ಡ ಆದ್ರೆ?"

ವೈದ್ಯೆ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದಳು. ಮಂಡಿಯ ಬಳಿ ಮೂಳೆಯ ತುದಿಯಲ್ಲೊಂದು ತೆಳು ಗೆರೆ. "ಮೂಳೆ ಉದ್ದ ಆಗೋದು ಈ ಗೆರೆಯಿಂದ. ದೊಡ್ಡವರಿಗೆ ಕೊರೆದ ಹಾಗೆ ಇಲ್ಲಿ ಕೊರೆದ್ರೆ ನೀವು ಹೇಳಿದ್ದು ಆಗಬಹುದು. ಅದಕ್ಕೇ ಇನ್ನೂ ಬೆಳೀಬೇಕಾದ ಮಕ್ಕಳಿಗೆ ವಿಧಾನವೇ ಬೇರೆ, ಈ ಗೆರೇನ ತಪ್ಪಿಸಿ ಕೂರಿಸ್ತೀವಿ."

ಟೈಲರಮ್ಮ ಆ ಗೆರೆಯನ್ನೇ ನೋಡುತ್ತ ಕೂತಳು. ಬೆಳೆಯುವ ಮಕ್ಕಳ ಪ್ಯಾಂಟಿಗೆ ಕಾಲತುದಿಯಲ್ಲಿ ಒಳಗೆ ಬಟ್ಟೆ ಮಡಿಸಿ ಬಿಡುವುದು ಅವಳ ಪದ್ಧತಿ. ಆ ಮಡಿಕೆಗೆ ಅವಳು ಎಂದೂ ಕತ್ತರಿ ತಾಗಿಸಿದವಳಲ್ಲ.

"ಅಂದ್ರೆ ಒಳಮಡಿಕೆ ಮುಟ್ಟಲ್ಲ."

"ಆದಷ್ಟೂ ಮುಟ್ಟಲ್ಲ. ಅಪಾಯ ಒಂಚೂರೂ ಇಲ್ಲ ಅಂತ ಮಾತ್ರ ನಾನು ಹೇಳಲ್ಲ. ಬೆಳವಣಿಗೆ ಮುಗಿಯೋವರೆಗೂ ಕಾಲು ಅಳೀತಾ ಇರಬೇಕು."

"ಅಳೆಯೋದು ನಮ್ಮ ಕಸುಬು," ಎಂದಳು ಟೈಲರಮ್ಮ. ಒಪ್ಪಿಗೆ ಕೊಟ್ಟದ್ದೇ ಹಾಗೆ.

"ಮತ್ತೆ ಯಾವಾಗ ಆಡಬಹುದು?" ಬುಗುರಿಯ ಪ್ರಶ್ನೆ.

"ಒಂಬತ್ತು ತಿಂಗಳಾದ್ರೂ ಬೇಕು. ಆಮೇಲೂ ಮಂಡಿಯ ಬಲದ ಪರೀಕ್ಷೆ ಪಾಸಾದ್ರೆ ಮಾತ್ರ."

"ಅಷ್ಟು ದಿನ ಬೆಂಚಲ್ಲೇ ಕೂರ್ಬೇಕಾ?"

"ಬೆಂಚಲ್ಲಿ ಅಲ್ಲ, ನನ್ನ ಕೈಲಿ," ಎಂದಳು ಅವರ ಜೊತೆ ಬಂದಿದ್ದ ಫಿಸಿಯೋ. "ನಾಲ್ಕು ದಿನಕ್ಕೆ ಬೆಂಚೇ ವಾಸಿ ಅಂತೀಯ."

ಅಂದಳು ಕೂಡ. ಶಸ್ತ್ರಚಿಕಿತ್ಸೆಗೆ ಮುಂಚೆ ವ್ಯಾಯಾಮ, ಆಮೇಲೂ ವ್ಯಾಯಾಮ. ಕಾಲು ಎತ್ತು, ಇಳಿಸು, ಒಂಟಿಕಾಲಲ್ಲಿ ನಿಲ್ಲು. ಮೊಮ್ಮಗಳಿಗೆ ಜೊತೆಯಾಗಲೆಂದು ಕುರ್ಚಿಯಿಂದ ಎದ್ದು ಕೂರಲು ಶುರುಮಾಡಿದ ಅಜ್ಜಿ, "ನನ್ನನ್ನೂ ತಂಡಕ್ಕೆ ಸೇರಿಸ್ಕೊಳ್ಳಿ," ಎಂದಳು.

ಮರುವರ್ಷ ಮಂಡಿಯ ಪರೀಕ್ಷೆ ಪಾಸಾದ ಮಾರನೆಯ ದಿನ ಬುಗುರಿಯ ಆಟದ ಪ್ಯಾಂಟು ಕಣಕಾಲಿನ ಮೇಲೆ ನಿಂತಿತ್ತು. ಟೈಲರಮ್ಮ ಟೇಪು ಹಿಡಿದು ಬಲಗಾಲು ಅಳೆದಳು, ಎಡಗಾಲು ಅಳೆದಳು. ಮತ್ತೊಮ್ಮೆ ಅಳೆದಳು. ಆಮೇಲೆ ಎರಡೂ ಕಾಲಿನ ಮಡಿಕೆ ಬಿಚ್ಚಿ ಒಂದೇ ಸಮಕ್ಕೆ ಇಳಿಸಿದಳು. ನೀಲಿ ಅಂಚಿನ ಕ್ಯಾನ್ವಾಸ್ ಪಟ್ಟಿಯಲ್ಲಿ ಈಗ ಅವಳ ಕತ್ತರಿ ಇರುತ್ತದೆ.

ಓದುತ್ತಿರುವ ಅಮ್ಮ, ಅಪ್ಪ, ತರಬೇತುದಾರರೇ, ನಿಮ್ಮ ಮಗುವಿನ ಮಂಡಿ ಆಟದಲ್ಲಿ ಟಪ್ ಎಂದು ಅಂದೇ ಊದಿಕೊಂಡರೆ, ಊತ ಇಳಿದರೂ ಮೂಳೆ ವೈದ್ಯರಿಗೆ ತೋರಿಸಿ. ಪಟ್ಟಿ ಕಟ್ಟಿ ಮೈದಾನಕ್ಕಿಳಿಸಬೇಡಿ. ನಮ್ಮ ಮಗು ಇನ್ನೂ ಎಷ್ಟು ಬೆಳೆಯಬೇಕು, ಅದಕ್ಕೆ ತಕ್ಕ ವಿಧಾನ ಯಾವುದು, ನಾರು ಎಲ್ಲಿಂದ ತೆಗೆಯುತ್ತೀರಿ ಎಂದು ನಾಚದೆ ಕೇಳಿ. ಮತ್ತೆ ಆಡಲು ಅವಸರ ಬೇಡ. ಪಂದ್ಯ ಮುಂದಿನ ವರ್ಷವೂ ಇರುತ್ತದೆ. ಅದನ್ನು ಆಡಲು ಮಂಡಿಯೂ ಇರಲಿ.