ನಿಂಗಣ್ಣನ ಎರಡನೇ ಬಾಟ್ಲಿ

ಮತ್ತೆ ಅದೇ ಗಂಟು, ಇಳಕಲ್ ಸೀರೆಯ ಕೆಂಪು ಅಂಚಿನ ಚೂರು, ಕಂದು ಬಾಟ್ಲಿಯ ಬಾಯಿಗೆ ಎರಡು ಸುತ್ತು, ಶನಿವಾರ ಇದನ್ನೇ ಬಿಚ್ಚಲು ಹೋಗಿ ಉಗುರು ಕಿತ್ತುಬಂದಿತ್ತು, ಬಿಚ್ಚಿದರಾಯಿತು, ಅವಸರವೇನು, ಖಂಡಪ್ಪ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತು ಅದನ್ನು ನೋಡುತ್ತಾನೆ, ಮುಟ್ಟುವುದಿಲ್ಲ, ಸೊಂಟ ಹಿಡಿದುಕೊಂಡಿದೆ, ಇಪ್ಪತ್ತೆರಡು ವರ್ಷ ಈ ಮುಂಬಯಿಯ ಮೂತ್ರ ಅಳೆದ ಸೊಂಟ — ಸುಳ್ಳಲ್ಲ, ಅವನು ಅಳೆದದ್ದನ್ನೆಲ್ಲ ಒಂದೆಡೆ ಸುರಿದಿದ್ದರೆ ಪವಾಯಿ ಕೆರೆ ಕೋಡಿ ಬಿದ್ದು ವಿಕ್ರೋಳಿಯಲ್ಲಿ ಲೋಕಲ್ ಗಾಡಿಗಳು ತೇಲುತ್ತಿದ್ದವು, ಈ ಊರಲ್ಲಿ ಖಂಡಪ್ಪನಿಗೆ ಪರಿಚಯವಿಲ್ಲದ ಕಿಡ್ನಿಯೇ ಇಲ್ಲ, ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ನಿಂತರೆ ಸಾಕು, ನಡಿಗೆ ನೋಡಿ ಹೇಳಿಬಿಡುತ್ತಾನೆ, ಈ ಹಮಾಲನದು ನಿಮಿಷಕ್ಕೆ ನೂರಿಪ್ಪತ್ತು ಮಿಲಿಲೀಟರು ಸೋಸುತ್ತದೆ, ಆ ಮುದುಕಿಯದು ನಲವತ್ತು, ಆ ಬಸುರಿಯದು ನೂರೈವತ್ತು, ಇಬ್ಬರ ಪಾಲು ದುಡಿಯಬೇಕಲ್ಲ, ಹೀಗೆ ಕ್ಯಾಂಟೀನಿನಲ್ಲಿ ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂದಿತ್ತು, ಭೀಮರಾಯನ ಬಾಟ್ಲಿ ಬರುವ ತನಕ, ಬೇಡ, ಈಗ ಭೀಮರಾಯ ಬೇಡ.

ಬಾಗಿಲಲ್ಲಿ ಮಲ್ಲವ್ವ ನಿಂತಿದ್ದಾಳೆ, ನಿಂಗಣ್ಣನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು, ನಿಂಗಣ್ಣ ಮೇಲೆ ಎಂಟನೇ ವಾರ್ಡಿನಲ್ಲಿ ಕೆಮ್ಮುತ್ತಾನೆ, ಪವಾಯಿ ಕಡೆ ಕಟ್ಟುವ ಬಿಲ್ಡಿಂಗಿನಲ್ಲಿ ಕಲ್ಲು ಹೊತ್ತವನು, ಕ್ಷಯ, ಉಗುಳಿದರೆ ಕೆಂಪು, ಸ್ಟ್ರೆಪ್ಟೋಮೈಸಿನ್ ಸೂಜಿ ಕೊಡಬೇಕು, ಆ ಸೂಜಿ ಹೊರಗೆ ಹೋಗುವುದು ಕಿಡ್ನಿಯ ದಾರಿಯಿಂದ ಮಾತ್ರ, ಕಿಡ್ನಿ ಸೋಸದಿದ್ದರೆ ಮೈಯಲ್ಲೇ ನಿಂತು ಕಿವಿ ತಿನ್ನುತ್ತದೆ, ಅದಕ್ಕೇ ಮೊದಲು ಒಂದು ಹಗಲು ಒಂದು ರಾತ್ರಿಯ ಮೂತ್ರ ತಾ ಎಂದದ್ದು, ಡಾಕ್ಟರ್ ಬಾಯಿ ಬೆಳಿಗ್ಗೆಯಿಂದ ಮೂರು ಸಲ ಬಂದಳು, ಖಂಡಪ್ಪಾ, ರಿಪೋರ್ಟ್ ಕಿಧರ್ ಹೈ, ಪೂರಾ ಡೋಸ್ ಶುರು ಕರೂಂ ಕ್ಯಾ, ಬೈಯುವುದಿಲ್ಲ ಪಾಪ, ಆಯಾಸಕ್ಕೆ ಬೈಯಲೂ ಶಕ್ತಿ ಬೇಕು, ಮೇಡಂ, ಏಕ್ ದಿನ್ ರುಕೋ, ಅನ್ನುತ್ತ ಅವನು ಎರಡು ದಿನ ತಡೆದದ್ದಾಯಿತು, ಆ ಕೆಮ್ಮು ಇಲ್ಲಿಗೂ ಕೇಳುತ್ತದೆ, ನಾಲ್ಕು ಮಹಡಿ ದಾಟಿ ಕೇಳುತ್ತದೆ.

ಶನಿವಾರದ ಬಾಟ್ಲಿ ಎತ್ತಲು ಎರಡು ಕೈ ಬೇಕಾಗಿತ್ತು, ಕುತ್ತಿಗೆಯ ತನಕ ತುಂಬಿತ್ತು, ಅಳೆದರೆ ಒಳಗಿನ ಕ್ರಿಯಾಟಿನಿನ್ ಎಂಬ ಕಸವೇ ಎರಡೂವರೆ ಗ್ರಾಂ ಹತ್ತಿರ, ಪಿಕ್ರಿಕ್ ಆಸಿಡ್ ಹಾಕಿದ ಟ್ಯೂಬು ಉರಿಯುವ ಕಿತ್ತಳೆ, ಲೆಕ್ಕಕ್ಕೆ ನಿಮಿಷಕ್ಕೆ ನೂರಾ ನಾಲ್ಕು, ಅಷ್ಟು ಹೊರಹಾಕಲು ಕೊಲ್ಹಾಪುರದ ಪೈಲ್ವಾನ ಬೇಕು, ಆ ಕಸ ಹುಟ್ಟುವುದೇ ಮಾಂಸಖಂಡದಿಂದ, ನಿಂಗಣ್ಣನ ಮೈಯಲ್ಲಿ ಮಾಂಸವೆಲ್ಲಿದೆ, ಮೂವತ್ತೊಂಬತ್ತು ಕಿಲೋ, ಮಂಚದ ಮೇಲೆ ಒಣಹಾಕಿದ ಅಂಗಿ, ರಕ್ತದಲ್ಲಿ ಅದೇ ಕಸ ಒಂದು ಪಾಯಿಂಟ್ ಆರು, ಪೈಲ್ವಾನನಿಗಾದರೆ ಅದು ಚಿಂತೆಯಿಲ್ಲದ ಅಂಕಿ, ಈ ಒಣಕಡ್ಡಿಗೆ ಅದೇ ಅಂಕಿ ಅಪಾಯ, ಡಾಕ್ಟರ್ ಬಾಯಿ ಹೊಸ ಜರ್ನಲಿನಿಂದ ಬರೆದುಕೊಂಡ ಚೀಟಿ ಕೊಟ್ಟಿದ್ದಾಳೆ, ನೂರ ನಲವತ್ತರಲ್ಲಿ ವಯಸ್ಸು ಕಳೆ, ತೂಕದಿಂದ ಗುಣಿಸು, ಎಪ್ಪತ್ತೆರಡರಿಂದಲೂ ರಕ್ತದ ಅಂಕಿಯಿಂದಲೂ ಭಾಗಿಸು, ವಯಸ್ಸು ಎಷ್ಟು, ಕೇಸ್ ಪೇಪರಿನಲ್ಲಿ ನಲವತ್ತೈದು ಅಂತ ಗೀಚಿದ್ದಾರೆ, ಮಲ್ಲವ್ವನ ಕೇಳಿದರೆ, ಮಾನಮೋಡಿ ಬ್ಯಾನಿ ಬಂದ ವರ್ಸ ಅಂಬೆಗಾಲ ಇಡತಿದ್ರಂತರಿ, ಅಂದರೆ ಸಾವಿರದ ಒಂಬೈನೂರ ಹದಿನೆಂಟರ ಮಹಾಜ್ವರ, ಈಗ ಅರವತ್ತು, ಎಂಬತ್ತು ಸಲ ಮೂವತ್ತೊಂಬತ್ತು, ಭಾಗಿಸಿದರೆ ಇಪ್ಪತ್ತೇಳು, ಚೀಟಿ ಇಪ್ಪತ್ತೇಳು ಅನ್ನುತ್ತದೆ, ಬಾಟ್ಲಿ ನೂರಾ ನಾಲ್ಕು, ಚೀಟಿ ಯಾರೋ ಪರದೇಶದವರ ಮೈಗೆ ಹೊಲಿದ ಕೋಟು, ಇವನಿಗೆ ಸಡಿಲವೋ ಬಿಗಿಯೋ, ಯಾರಿಗೆ ಗೊತ್ತು.

ಮಲ್ಲವ್ವಾ, ಖರೇ ಹೇಳು, ಶನಿವಾರವೇ ಕೇಳಿದ್ದ, ಇದು ನಿಂಗಣ್ಣಂದು ಒಬ್ಬಂದೇ ಏನು, ಅವಳು ನೆಲ ನೋಡಿದ್ದಳು, ಅವರದು ತಳಾನೂ ಮುಚ್ಚಲಿಲ್ರಿ ಯಣ್ಣಾ, ಅರ್ಧ ಭಾಂಡೆ ತಗೊಂಡು ಒಬ್ರ ಬಾಗ್ಲಿಗಿ ಹೆಂಗ ಹೋಗೂದು, ನಮ್ಮ ಸಾಲಿನ್ಯಾಗ ನಳದ ನೀರು ತಪ್ಪಿದವ್ರಿಗಿ ಮನಿಗೊಂದು ತಂಬಿಗಿ ಹಾಕತಾರಲ್ರಿ, ಹಂಗ ಎಲ್ಲಾರೂ ಹಾಕಿದ್ರು, ಸೆಂಟ್ರಿಂಗಿನ ಹುಡುಗೂರು ಆರು ಮಂದಿ, ಅವರ ಮ್ಯಾಲಿನ ಧರ್ಮಣ್ಣ ಮುಕಾದಮ ಸೈತ, ಪುಣ್ಯದ ಕೆಲಸ ಅಂದ. ಖಂಡಪ್ಪನಿಗೆ ನಗು ಬಂತು, ಇಡೀ ಕಂಪೌಂಡಿನ ಪುಣ್ಯ ಬಾಟ್ಲಿಯಲ್ಲಿತ್ತು, ಎಂಟು ಗಂಡಸರ ಕಿಡ್ನಿಗೆ ಒಂದು ರಿಪೋರ್ಟು, ಮೂರು ವರ್ಷದ ಹಿಂದೆ ಇನ್ನೊಂದು ಬಾಟ್ಲಿ ಇಷ್ಟೇ ತುಂಬಿ ಬಂದಿತ್ತು, ಅಂದು ಅವನು ಯಾರನ್ನೂ ಏನೂ ಕೇಳಲಿಲ್ಲ, ಐದೂ ಇಪ್ಪತ್ತರ ಲೋಕಲ್ ಹಿಡಿಯಬೇಕಿತ್ತು, ಬರೆದ, ಸಹಿ ಹಾಕಿದ, ನಾರ್ಮಲ್, ಭೀಮರಾಯನಿಗೆ ಪೂರಾ ಡೋಸ್ ಸೂಜಿ ಹೋಯಿತು.

ಭೀಮರಾಯ ವಡಾಲದಲ್ಲಿ ಖಂಡಪ್ಪನದೇ ಚಾಳಿನವನು, ಮೂರನೇ ಖೋಲಿ, ಈಗ ಕಟ್ಟೆಯ ಮೇಲೆ ಕೂತಿರುತ್ತಾನೆ, ಬೆನ್ನ ಹಿಂದೆ ಹಾರ್ಬರ್ ಲೈನಿನ ಲೋಕಲ್ ಗಾಡಿ ಕೂಗಿ ಹೋದರೂ ತಿರುಗುವುದಿಲ್ಲ, ಖಂಡಪ್ಪನನ್ನು ಕಂಡರೆ ಎದ್ದು ನಿಂತು ಚಾಳಿಗೆಲ್ಲ ಕೇಳುವಂತೆ, ನಮಸ್ಕಾರ್ರಿ ಸಾಹೇಬ್ರ, ನಿಮ್ಮಿಂದ ಜೀವ ಉಳೀತ್ರಿ, ಅನ್ನುತ್ತಾನೆ, ಉತ್ತರಕ್ಕಾಗಿ ಬಾಯಿ ನೋಡುತ್ತಾನೆ, ಖಂಡಪ್ಪ ತುಟಿ ಅಲುಗಿಸುತ್ತಾನೆ, ಏನೂ ಹೇಳಿರುವುದಿಲ್ಲ, ಮೂರು ವರ್ಷದಿಂದ ಏನೂ ಹೇಳಿಲ್ಲ — ನಿಂಗಣ್ಣ ಕಲ್ಲು ಹೊರುವಲ್ಲಿ ಮೇಲಿನಿಂದ ಹುಷಾರ್ ಎಂದು ಕೂಗುತ್ತಾರೆ, ಕೇಳಿದವನು ಸರಿಯುತ್ತಾನೆ.

ಎಲ್ಲಾ ಅವರದೇ ಏನವ್ವಾ ಈ ಸಲ, ಅವರದೇರಿ, ಒಂದು ಹನಿ ಚೆಲ್ಲಿಲ್ಲ, ಯಾರ್ದೂ ಹಾಕಿಲ್ಲ, ಮಕ್ಕಳ ಆಣಿ, ಆದ್ರ ಯಣ್ಣಾ, ನೋಡಿ ನಗಬ್ಯಾಡ್ರಿ. ನೀರು ಕಡಿಮೆಯಾದರೆ ಕಿಡ್ನಿ ಕೆಟ್ಟಿದೆ ಎಂದೇನಲ್ಲ ಮಲ್ಲವ್ವಾ, ಒಳಗಿನದನ್ನು ಅಳೆಯಬೇಕು, ಬಣ್ಣ ನೋಡಬೇಕು, ಅವನು ಹೇಳಬಹುದಿತ್ತು, ಎರಡೂ ಕೈ ಚಾಚುತ್ತಾನೆ, ಶನಿವಾರದ ಭಾರ ಇನ್ನೂ ತೋಳಿನಲ್ಲಿದೆ, ಅದೇ ಬಲ ಹಾಕಿ ಎತ್ತುತ್ತಾನೆ, ಬಾಟ್ಲಿ ಅವನ ಗದ್ದದ ತನಕ ಹಾರಿಬರುತ್ತದೆ, ತಳದಲ್ಲೆಲ್ಲೋ ಒಂದಿಷ್ಟು ತುಳುಕಿದ ಸದ್ದು, ಮೇಲೆ ಕೆಮ್ಮು ನಿಂತಿದೆ, ಬಾಗಿಲಲ್ಲಿ ಮಲ್ಲವ್ವ ಅವನ ಮುಖ ನೋಡುತ್ತಾಳೆ, ಬಾಯಿ ನೋಡುತ್ತಾಳೆ, ಭೀಮರಾಯ ನೋಡುವ ಹಾಗೆ, ಮತ್ತೆ ಅವನ ಕಣ್ಣು ಗಂಟಿಗೆ ಬರುತ್ತದೆ, ಕೆಂಪು ಅಂಚು, ಎರಡು ಸುತ್ತು, ಬಿಗಿಯಾದ ಗಂಟು, ಅದರ ಕೆಳಗೆ ನಿಂಗಣ್ಣನೊಬ್ಬನದೇ ಹಗುರ ಬಾಟ್ಲಿ, ಇಷ್ಟು ಹಗುರ —